ಟನ್ನಿನ ಗೆರೆ ದಾಟದ ಸೋಯಾ

ಜೂನ್ ಮೊದಲ ವಾರ ಬಂತೆಂದರೆ ಭಾಲ್ಕಿ ಹತ್ತಿರದ ನಮ್ಮೂರಿನಿಂದ ಅಣ್ಣನ ಫೋನು ಬರುತ್ತದೆ. ಮಳೆಯ ಸುದ್ದಿ, ಮನೆಯ ಸುದ್ದಿ ಮುಗಿದ ಮೇಲೆ ಉಳಿಯುವುದು ಒಂದೇ ಪ್ರಶ್ನೆ: "ತಮ್ಮಾ, ಈ ಸಲ ಯಾವ ಸೋಯಾ ಹಾಕಬೇಕು?" ನಾನು ಮುಂಬಯಿಯ ಚೆಂಬೂರಿಗೆ ಬಂದು ಮೂವತ್ತು ವರ್ಷವಾಯಿತು, ಕೂರಿಗೆ ಹಿಡಿದದ್ದು ಅದಕ್ಕೂ ಹಿಂದೆ. ಆದರೂ ಅಣ್ಣನಿಗೆ ನನ್ನ ಮೇಲೆ ನಂಬಿಕೆ. ಅದಕ್ಕೆ ಕಾರಣ ನಾನಲ್ಲ, ನಮ್ಮ ಮನೆಯ ತಾರಸಿಯಿಂದ ಕಾಣುವ ಟ್ರಾಂಬೆ ಗುಡ್ಡ. ಅದರ ಮಗ್ಗುಲಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರ, ಅಂದರೆ ಬಾರ್ಕ್, ಇದೆ. ಅಲ್ಲಿ ಹುಟ್ಟಿದ ಟಿಎಯು-1 ಉದ್ದನ್ನು ನಮ್ಮಪ್ಪ ವರ್ಷಗಟ್ಟಲೆ ಬಿತ್ತಿದ್ದಾರೆ. ಉದ್ದು, ಹೆಸರು ಬೆಳೆಯುತ್ತಿದ್ದ ಅದೇ ಎರೆ ಹೊಲದಲ್ಲಿ ಈಗ ಸೋಯಾ ಇದೆ.

ಅಣ್ಣನ ಪ್ರಶ್ನೆ ಬರೀ ನಮ್ಮ ಮನೆಯದಲ್ಲ. ಭಾರತದಲ್ಲಿ ಸುಮಾರು 1.3 ಕೋಟಿ ಹೆಕ್ಟೇರಿನಲ್ಲಿ ಸೋಯಾ ಬೆಳೆಯುತ್ತದೆ. ಮಧ್ಯಪ್ರದೇಶ, ಮಹಾರಾಷ್ಟ್ರ, ರಾಜಸ್ಥಾನ ಮುಂದಿವೆ. ಕರ್ನಾಟಕದ ಪಾಲಿನಲ್ಲಿ ಬೀದರದ್ದೇ ಸಿಂಹಪಾಲು, ಆಮೇಲೆ ಬೆಳಗಾವಿ, ಧಾರವಾಡ. ಇಳುವರಿ ಮಾತ್ರ ತೊಂಬತ್ತರ ದಶಕದಿಂದ ಹೆಕ್ಟೇರಿಗೆ ಒಂದು ಟನ್ನಿನ ಆಸುಪಾಸಿನಲ್ಲೇ ತೂಗಾಡುತ್ತಿದೆ. ಎಕರೆಗೆ ನಾಲ್ಕು ಕ್ವಿಂಟಲ್. ಅಮೆರಿಕ, ಬ್ರೆಜಿಲ್‌ಗಳಲ್ಲಿ ಅದು ಮೂರು ಟನ್ ಮೀರಿ ಎಷ್ಟೋ ವರ್ಷವಾಯಿತು. ಈ ನಡುವೆ ನಮ್ಮಲ್ಲಿ ನೂರಕ್ಕೂ ಹೆಚ್ಚು ತಳಿಗಳು ಬಿಡುಗಡೆಯಾಗಿವೆ. ಹಾಗಾದರೆ ಕೊರತೆ ಬೀಜದೊಳಗಿನ ಗುಣದ್ದೋ, ಬೀಜದ ಹೊರಗಿನದ್ದೋ? ಈ ಲೇಖನಕ್ಕೆ ಅದೇ ಕೇಂದ್ರ.

ಮೊದಲು ಹಗಲಿನ ಲೆಕ್ಕದಿಂದ ಶುರುಮಾಡಬೇಕು. ಸೋಯಾ ಗಿಡ ಹೂ ಬಿಡುವುದು ಗಡಿಯಾರ ನೋಡಿಕೊಂಡು. ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ ಎಂಬ ವಿಜ್ಞಾನಿಗಳು 'ಬಿಲಾಕ್ಸಿ' ಎಂಬ ಸೋಯಾ ತಳಿಯನ್ನು ಕೆಲವು ದಿನಗಳ ಅಂತರದಲ್ಲಿ ಹಲವು ಸಲ ಬಿತ್ತಿದರು. ಮೊದಲು ಬಿತ್ತಿದ್ದೂ ಕೊನೆಗೆ ಬಿತ್ತಿದ್ದೂ ಹೆಚ್ಚುಕಡಿಮೆ ಒಟ್ಟಿಗೇ ಹೂ ಬಿಟ್ಟವು. ಗಿಡಕ್ಕೆ ವಯಸ್ಸಿಗಿಂತ ಹಗಲಿನ ಉದ್ದ ಮುಖ್ಯ ಎಂದು ಅವರು 1920ರಲ್ಲಿ ಬರೆದರು. ಗಿಡಗಳು ಹಗಲಿರುಳು ಅಳೆಯುತ್ತವೆ ಎಂಬ ದೊಡ್ಡ ತಿಳಿವು ಬಂದದ್ದೇ ಹೊಗೆಸೊಪ್ಪು ಮತ್ತು ಸೋಯಾದಿಂದ.

ಇದರ ಪರಿಣಾಮ ನೇರವಾಗಿ ಚೀಲಕ್ಕೆ ತಟ್ಟುತ್ತದೆ. ಇಲಿನಾಯ್‌ನ ಬೇಸಿಗೆ ಹಗಲು ಹದಿನೈದು ಗಂಟೆ, ಬೀದರದ್ದು ಹದಿಮೂರು ಚಿಲ್ಲರೆ. ಅಲ್ಲಿನ ತಳಿಯನ್ನು ಇಲ್ಲಿ ಬಿತ್ತಿದರೆ ಗೇಣುದ್ದ ಬೆಳೆಯುವಷ್ಟರಲ್ಲಿ "ಕಾಲ ಬಂತು" ಎಂದು ಹೂ ಬಿಟ್ಟು ಮುಗಿಸುತ್ತದೆ. ಅರವತ್ತರ ದಶಕದಲ್ಲಿ ಪಂತನಗರ ಮತ್ತು ಜಬಲ್ಪುರದ ಕೃಷಿ ವಿಶ್ವವಿದ್ಯಾಲಯಗಳು ಇಲಿನಾಯ್ ವಿಶ್ವವಿದ್ಯಾಲಯದ ಜೊತೆ ಸೇರಿ ಹಳದಿ ಸೋಯಾವನ್ನು ಪರೀಕ್ಷಿಸಿದಾಗ ನಮ್ಮ ನೆಲಕ್ಕೆ ಒಗ್ಗಿದ್ದು ಬ್ರಾಗ್‌ನಂಥ ತಳಿಗಳು. ಅವು ಅಮೆರಿಕದ ದಕ್ಷಿಣ ತುದಿಯವು, ಗಿಡ್ಡ ಹಗಲಿಗೆ ಹೊಂದಿದವು. ಕರ್ನಾಟಕಕ್ಕೆ ಬಂದ ಹಾರ್ಡಿಯೂ ಆ ಬಳಗದ್ದೇ. 1967ರಲ್ಲಿ ಅಖಿಲ ಭಾರತ ಸಮನ್ವಿತ ಸೋಯಾ ಯೋಜನೆ ಶುರುವಾಯಿತು. ಅದಕ್ಕೂ ಮೊದಲು ಸೋಯಾ ಇರಲೇ ಇಲ್ಲ ಎನ್ನುವುದು ತಪ್ಪು. ಕುಮಾವೂನಿನ ಗುಡ್ಡಗಳಲ್ಲಿ 'ಭಟ್' ಎಂಬ ಕರಿಕಾಳು, ಮಧ್ಯಪ್ರದೇಶದಲ್ಲಿ 'ಕಾಲಿತೂರ್' ತಲೆಮಾರುಗಳಿಂದ ಇದ್ದವು. ಕಾಲಿತೂರ್ ಹೆಸರು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಹೂ ಬಿಡುವ ಸಮಯವನ್ನು ಹಿಡಿದಿರುವ ಜೀನ್‌ಗಳಿಗೆ ವಿಜ್ಞಾನಿಗಳು ಇ1, ಇ2, ಇ3 ಎಂದು ಸಾಲಾಗಿ ಹೆಸರಿಟ್ಟಿದ್ದಾರೆ. ಇವುಗಳಲ್ಲಿ ಇ1 ದೊಡ್ಡಣ್ಣ. ಅದರ ಗುರುತು ಪಕ್ಕಾ ಆದದ್ದು 2012ರಲ್ಲಿ. ಹಗಲು ಗಿಡ್ಡವಿದ್ದರೂ ಗಿಡ ಆತುರಪಡದೆ ಮೊದಲು ಮೈ ತುಂಬಿಕೊಳ್ಳುವಂತೆ ತಡೆಹಿಡಿಯುವ ಇನ್ನೊಂದು ಗುಣವಿದೆ. ಅದರ ಹಿಂದಿರುವ 'ಜೆ' ಎಂಬ ಜೀನು 2017ರಲ್ಲಿ ಸಿಕ್ಕಿತು. ಆದರೆ ಬ್ರೆಜಿಲ್‌ನ ತಳಿಗಾರರು ಜೀನ್ ಸಿಗುವವರೆಗೆ ಕಾಯಲಿಲ್ಲ. ಆ ಗುಣವನ್ನು ಹೊಲದಲ್ಲಿ ಕಣ್ಣಾರೆ ಗುರುತಿಸಿ, ಆರಿಸಿ, ಸಮಭಾಜಕ ವೃತ್ತದ ಹತ್ತಿರದವರೆಗೂ ಸೋಯಾ ಒಯ್ದರು. ಜೊತೆಗೆ ಬೇರಿನ ಗಂಟುಗಳಲ್ಲಿ ಸಾರಜನಕ ಹಿಡಿಯುವ ರೈಜೋಬಿಯಂ ಸೂಕ್ಷ್ಮಾಣುಗಳ ಮೇಲೆ ದಶಕಗಟ್ಟಲೆ ದುಡಿದರು. ಆ ಕೆಲಸಕ್ಕಾಗಿ ಅಲ್ಲಿನ ಮರಿಯಾಂಜೆಲಾ ಹುಂಗ್ರಿಯಾ ಅವರಿಗೆ 2025ರ ವಿಶ್ವ ಆಹಾರ ಪ್ರಶಸ್ತಿ ಬಂತು. ಬ್ರೆಜಿಲ್‌ನ ಮೂರು ಟನ್ನನ್ನು ಬರೀ ಬೀಜದ ಖಾತೆಗೆ ಬರೆಯುವವರು ಈ ಬೇರಿನ ಗಂಟನ್ನು ಮರೆಯುತ್ತಾರೆ.

ಇನ್ನು ಇಳುವರಿಯೆಂಬ ಗುಣದ ಮಾತು. ಹೂವಿನ ಬಣ್ಣಕ್ಕೊಂದು ಜೀನ್ ಇದ್ದಂತೆ ಇಳುವರಿಗೊಂದು ಜೀನ್ ಇಲ್ಲ. ಗಿಡಕ್ಕೆ ಎಷ್ಟು ಕಾಯಿ, ಕಾಯಿಗೆ ಎಷ್ಟು ಕಾಳು, ಕಾಳಿಗೆ ಎಷ್ಟು ತೂಕ, ಎಕರೆಗೆ ಎಷ್ಟು ಗಿಡ ಉಳಿದವು: ಈ ನಾಲ್ಕರ ಗುಣಾಕಾರ ಅದು. ಒಂದನ್ನು ಎಳೆದರೆ ಇನ್ನೊಂದು ಕುಗ್ಗುತ್ತದೆ. 'ಎಲ್‌ಎನ್' ಎಂಬ ಜೀನ್ ಇದಕ್ಕೆ ಒಳ್ಳೆಯ ನಿದರ್ಶನ. ಅದರ ಒಂದು ರೂಪವಿದ್ದರೆ ಎಲೆ ಸಣ್ಣಗೆ ಉದ್ದವಾಗುತ್ತದೆ, ಕಾಯಿಗೆ ನಾಲ್ಕು ಕಾಳು ಬರುತ್ತವೆ. ನಮ್ಮ ರೈತರಿಗೆ ಗೊತ್ತಿರುವ ಜೆಎಸ್ 93-05 ತಳಿಯಲ್ಲಿ ಈ ನಾಲ್ಕು ಕಾಳಿನ ಕಾಯಿ ಕಾಣುತ್ತದೆ. ಮೂರರ ಜಾಗದಲ್ಲಿ ನಾಲ್ಕು ಎಂದರೆ ಇಳುವರಿ ಮೂರನೇ ಒಂದು ಪಾಲು ಏರಬೇಕಲ್ಲ? ಏರುವುದಿಲ್ಲ. ಕಾಳು ಸಣ್ಣದಾಗುತ್ತದೆ, ಇಲ್ಲವೇ ಕಾಯಿ ಕಡಿಮೆಯಾಗುತ್ತವೆ. ಗಿಡದ ಬುತ್ತಿ ಇರುವುದೇ ಅಷ್ಟು. ಹಾಗೆಯೇ ಪ್ರೋಟೀನ್ ಏರಿಸಿದರೆ ಸಾಮಾನ್ಯವಾಗಿ ಎಣ್ಣೆಯೂ ಇಳುವರಿಯೂ ಇಳಿಯುತ್ತವೆ. ಕಾಳಿನಲ್ಲಿ ಸುಮಾರು ನೂರಕ್ಕೆ 40 ಪ್ರೋಟೀನ್, 20 ಎಣ್ಣೆ ತುಂಬುವ ಈ ಗಿಡಕ್ಕೆ ಪ್ರತಿ ಗ್ರಾಮೂ ದುಬಾರಿ.

ಸೋಯಾದ ಪೂರ್ಣ ಜೀನ್ ನಕ್ಷೆ 2010ರಲ್ಲಿ ಪ್ರಕಟವಾಯಿತು. 20 ಜೊತೆ ವರ್ಣತಂತು, ನಲವತ್ತಾರು ಸಾವಿರಕ್ಕೂ ಹೆಚ್ಚು ಜೀನ್. ಅದರಲ್ಲಿ ಎದ್ದು ಕಂಡದ್ದು ಜೋಡಿಗಳು. ಸೋಯಾದ ಪೂರ್ವಜರಲ್ಲಿ ಸುಮಾರು 5.9 ಕೋಟಿ ವರ್ಷದ ಹಿಂದೊಮ್ಮೆ, 1.3 ಕೋಟಿ ವರ್ಷದ ಹಿಂದೊಮ್ಮೆ ಇಡೀ ಜೀನ್ ಸಂಪತ್ತೇ ಎರಡು ಪಟ್ಟಾಯಿತು. ಈಗಲೂ ಮುಕ್ಕಾಲು ಪಾಲು ಜೀನ್‌ಗಳಿಗೆ ಒಂದಕ್ಕಿಂತ ಹೆಚ್ಚು ಪ್ರತಿ ಇವೆ. ಒಂದು ಕೆಟ್ಟರೆ ಇನ್ನೊಂದು ಅದರ ಕೆಲಸ ನೋಡಿಕೊಳ್ಳುತ್ತದೆ. ಕೂಡು ಕುಟುಂಬದಲ್ಲಿ ಒಬ್ಬ ಮಲಗಿದರೂ ಒಲೆ ಹೊತ್ತುತ್ತದಲ್ಲ, ಹಾಗೆ. ಗಿಡಕ್ಕೆ ಇದು ವರ, ಬದಲಾವಣೆ ತರಬೇಕೆನ್ನುವ ತಳಿಗಾರನಿಗೆ ತೊಡಕು.

ಇನ್ನೊಂದು ತೊಡಕು ಹೂವಿನಲ್ಲೇ ಇದೆ. ಧಾರವಾಡದಲ್ಲಿ ಒಂದು ಪ್ರಯೋಗದ ಹೊಲದಲ್ಲಿ ಸಂಕರಣ ಮಾಡುವುದನ್ನು ಒಮ್ಮೆ ಹತ್ತಿರ ಕೂತು ನೋಡಿದ್ದೆ. ಬೆಳಗಿನ ಏಳು ಗಂಟೆ, ಎಲೆಯ ಮೇಲೆ ಇಬ್ಬನಿ. ಕೆಲಸದ ಹೆಣ್ಣುಮಗಳೊಬ್ಬಳು ಸಾಲಿನ ನಡುವೆ ಕುಕ್ಕರಗಾಲಲ್ಲಿ ಕೂತು, ನಾಳೆ ಅರಳಬೇಕಾದ ಮೊಗ್ಗನ್ನು ಎಡಗೈ ಬೆರಳಲ್ಲಿ ಹಿಡಿದಳು. ಮೊಗ್ಗು ಜೋಳದ ಕಾಳಿಗಿಂತ ಸ್ವಲ್ಪ ದೊಡ್ಡದು. ಚಿಮಟದಿಂದ ಹಸಿರು ಹೊದಿಕೆ ಕಿತ್ತು, ಎಸಳು ಒಟ್ಟಿಗೇ ಎಳೆದು, ಒಳಗಿನ ಹತ್ತು ಕೇಸರಗಳನ್ನು ತೆಗೆದಳು. ಉಳಿದದ್ದು ಕೂದಲೆಳೆಯಂಥ ಶಲಾಕೆ. ಇನ್ನೊಂದು ತಳಿಯ ಅರಳಿದ ಹೂವಿನ ಪರಾಗ ಅದಕ್ಕೆ ಮುಟ್ಟಿಸಿ, ದಾರದ ಚೀಟಿ ಕಟ್ಟಿ ಮುಂದಿನ ಮೊಗ್ಗಿಗೆ ಹೋದಳು. "ಹತ್ತು ಕಟ್ಟಿದರ ಎರಡೋ ಮೂರೋ ನಿಲ್ತಾವ್ರಿ" ಎಂದಳು. ನಿಂತ ಕಾಯಿಯಲ್ಲೂ ಸಿಗುವುದು ಒಂದೋ ಎರಡೋ ಕಾಳು. ಸೋಯಾ ಹೂ ಅರಳುವ ಮೊದಲೇ ತನ್ನೊಳಗೆ ತಾನೇ ಪರಾಗ ತುಂಬಿಕೊಂಡಿರುತ್ತದೆ. ಹೊರಗಿನ ಪರಾಗ ಸೇರುವುದು ನೂರರಲ್ಲಿ ಒಂದು ಪಾಲೂ ಇಲ್ಲ. ಮೆಕ್ಕೆಜೋಳ, ಹತ್ತಿಯಂತೆ ಹೈಬ್ರಿಡ್ ಸೋಯಾ ಅಂಗಡಿಯಲ್ಲಿ ಸಿಗದಿರುವುದಕ್ಕೆ ಕಾರಣ ಈ ಮುಚ್ಚಿದ ಹೂವು.

ಸಂಕರಣ ಇಷ್ಟು ಕಷ್ಟವಿದ್ದಾಗ ತಳಿಗಾರರು ಗೆದ್ದ ಕೆಲವೇ ತಳಿಗಳನ್ನು ಮತ್ತೆ ಮತ್ತೆ ತಾಯಿತಂದೆಯಾಗಿ ಬಳಸಿದರು. ಜಬಲ್ಪುರದ ಜೆಎಸ್ 335 ಬಿಡುಗಡೆಯಾದದ್ದು 1994ರಲ್ಲಿ. ಅದು ಒಳ್ಳೆಯ ತಳಿ, ಅದರ ಋಣ ದೊಡ್ಡದು. ಒಂದು ಕಾಲಕ್ಕೆ ಮಧ್ಯ ಭಾರತದಿಂದ ಧಾರವಾಡದವರೆಗೆ ಸೋಯಾ ಎಂದರೆ ಅದೇ ಆಗಿತ್ತು. ಆದರೆ ಇಷ್ಟು ದೊಡ್ಡ ನೆಲಕ್ಕೆ ಒಂದೇ ರಕ್ತ ಹಬ್ಬಿದ್ದು ಒಳ್ಳೆಯದಾಗಲಿಲ್ಲ ಎಂದೇ ನನ್ನ ಎಣಿಕೆ. ರೋಗ ಬಂದರೆ ಎಲ್ಲರ ಮನೆಗೂ ಒಟ್ಟಿಗೇ ಬರುತ್ತದೆ.

ಮುಂಬಯಿ ಈ ಕಥೆಯೊಳಗೆ ಬರುವುದು ಇಲ್ಲಿ. ಹೊಸ ಗುಣ ಬೇರೆ ತಳಿಯಿಂದ ತರುವುದು ಕಷ್ಟವಾದರೆ ಇದೇ ಬೀಜದಲ್ಲಿ ಹುಟ್ಟಿಸಲು ಆಗದೇ? ಟ್ರಾಂಬೆಯಲ್ಲಿ ಎಸ್.ಎಚ್. ಪಾಟೀಲ ಮತ್ತು ಸಂಗಡಿಗರು ಶೇಂಗಾ ಬೀಜಕ್ಕೆ ಎಕ್ಸ್‌ರೇ ಹಾಯಿಸಿ ಆರಿಸಿದ ಟಿಜಿ-1, 'ವಿಕ್ರಮ್' ಎಂಬ ಹೆಸರಿನಲ್ಲಿ 1973ರಲ್ಲಿ ಹೊರಬಂತು. ಆಮೇಲೆ ಅಕೋಲದ ಕೃಷಿ ವಿದ್ಯಾಪೀಠದ ಜೊತೆಗೂಡಿ 1985ರಲ್ಲಿ ಟಿಎಯು-1 ಉದ್ದು, 1991ರಲ್ಲಿ ಟಿಎಜಿ-24 ಶೇಂಗಾ. ಧಾರವಾಡದ ವಿಶ್ವವಿದ್ಯಾಲಯದೊಂದಿಗೆ ಟಿಡಿಜಿ-39 ಶೇಂಗಾ. ಹೆಸರಿನ ನಡುವಿನ ಅಕ್ಷರ ಓದಿದರೆ ಟ್ರಾಂಬೆ ಯಾರ ಕೈ ಹಿಡಿಯಿತು ಎಂಬುದು ತಿಳಿಯುತ್ತದೆ. ಇಂಥ ತಳಿಗಳು ಈಗ ಎಪ್ಪತ್ತರಷ್ಟಾಗಿವೆ.

ಜನ ತಿಳಿದಂತೆ ಈ ಬೀಜದಲ್ಲಿ ವಿಕಿರಣ ಉಳಿದಿರುವುದಿಲ್ಲ. ಒಣಗಿದ ಬೀಜವನ್ನು ಕೋಬಾಲ್ಟ್ ಇರುವ ಸೀಸದ ಪೆಟ್ಟಿಗೆಯಲ್ಲಿಟ್ಟು ಲೆಕ್ಕದ ಹೊತ್ತು ಗಾಮಾ ಕಿರಣ ಹಾಯಿಸುತ್ತಾರೆ. ಸೋಯಾಗೆ ಕಿರಣದ ಪ್ರಮಾಣ 200ರಿಂದ 300 ಗ್ರೇ. ಕಿರಣ ಬೀಜದ ಡಿಎನ್‌ಎಯಲ್ಲಿ ಅಲ್ಲಲ್ಲಿ ಅಕ್ಷರ ತಪ್ಪಿಸಿ ಹಾದುಹೋಗುತ್ತದೆ, ಅಷ್ಟೇ. ಹೆಚ್ಚಿನ ತಪ್ಪುಗಳು ಕೆಲಸಕ್ಕೆ ಬಾರದವು. ಎರಡನೇ ತಲೆಮಾರಿನಲ್ಲಿ ಸಾವಿರಾರು ಗಿಡಗಳ ನಡುವೆ ನಡೆದು, ಹತ್ತು ದಿನ ಮೊದಲೇ ಮಾಗಿದ ಒಂದನ್ನೋ ಚುಕ್ಕೆ ಬೀಳದ ಒಂದನ್ನೋ ಕಣ್ಣು ಹುಡುಕಬೇಕು. ಜೋಡಿ ಜೀನ್‌ಗಳ ಸೋಯಾದಲ್ಲಿ ಹುಡುಕಾಟ ಇನ್ನೂ ಸಾವಕಾಶ. ಬಾರ್ಕ್‌ನ ಜೆ.ಜಿ. ಮಂಜಯ ಅವರು ಅಮರಾವತಿಯ ಸಂಶೋಧಕರೊಂದಿಗೆ ಜೆಎಸ್ 80-21 ತಳಿಯ ಮೇಲೆ ಈ ಕೆಲಸ ಮಾಡಿದರು. ಟ್ರಾಂಬೆ–ಅಮರಾವತಿ ಜಂಟಿ ದುಡಿಮೆಯಿಂದ ಟಿಎಎಂಎಸ್-38 ಎಂಬ ತಳಿ 2005ರಲ್ಲಿ, ಟಿಎಎಂಎಸ್ 98-21 ಎಂಬುದು 2007ರಲ್ಲಿ ವಿದರ್ಭಕ್ಕೆ ಬಿಡುಗಡೆಯಾದವು. ಮೊದಲನೆಯದರ ಬಲ ಬೇಗ ಮಾಗುವುದು, ತೊಂಬತ್ತು–ತೊಂಬತ್ತೈದು ದಿನ. ಮಳೆ ಬೇಗ ಬೆನ್ನು ತಿರುಗಿಸುವ ನಾಡಿನಲ್ಲಿ ಆ ಹತ್ತು ದಿನವೇ ಇಳುವರಿ. ಅಣ್ಣನಿಗೆ ನಾನು ಇದನ್ನೇ ಹೇಳುತ್ತಾ ಬಂದಿದ್ದೇನೆ: ಚೀಲದ ಮೇಲಿನ ಕ್ವಿಂಟಲ್ ಸಂಖ್ಯೆ ಆಮೇಲೆ ನೋಡು, ಮೊದಲು ದಿನ ನೋಡು.

ಪತ್ರಿಕೆಗಳು ಮಾತ್ರ ಸಂಖ್ಯೆಯನ್ನೇ ಮೊದಲು ನೋಡುತ್ತವೆ. ಪುಣೆಯ ಆಘಾರಕರ್ ಸಂಶೋಧನಾ ಸಂಸ್ಥೆಯ ಎಂಎಸಿಎಸ್ 1407 ತಳಿ 2021ರಲ್ಲಿ ಸುದ್ದಿಯಾದಾಗ ತಲೆಬರಹದಲ್ಲಿದ್ದದ್ದು ಹೆಕ್ಟೇರಿಗೆ 39 ಕ್ವಿಂಟಲ್. ತಳಿ ಚೆನ್ನಾಗಿಯೇ ಇದೆ. ಆದರೆ ಅದು ಅಸ್ಸಾಂ, ಪಶ್ಚಿಮ ಬಂಗಾಳ, ಜಾರ್ಖಂಡ್, ಛತ್ತೀಸಗಢ, ಈಶಾನ್ಯ ರಾಜ್ಯಗಳಿಗೆಂದು ಆರಿಸಿದ್ದು. ಬೀದರ, ಲಾತೂರಿನ ಎಷ್ಟೋ ಮಂದಿಗೆ ತಲುಪಿದ್ದು ಸಂಖ್ಯೆ ಮಾತ್ರ, ಊರಿನ ಹೆಸರಲ್ಲ.

ಇದಕ್ಕಿಂತ ದೊಡ್ಡ ಸದ್ದು 2022ರದ್ದು. ಇಲಿನಾಯ್‌ನ ತಂಡವೊಂದು ಮೂರು ಜೀನ್‌ಗಳನ್ನು ಸೋಯಾಗೆ ಸೇರಿಸಿತು. ಬಿಸಿಲು ಹೆಚ್ಚಾದಾಗ ಎಲೆ ತನ್ನನ್ನು ಕಾಪಾಡಿಕೊಳ್ಳಲು ಬೆಳಕನ್ನು ಚೆಲ್ಲುತ್ತದೆ. ಮೋಡ ಬಂದ ಮೇಲೂ ಸ್ವಲ್ಪ ಹೊತ್ತು ಚೆಲ್ಲುತ್ತಲೇ ಇರುತ್ತದೆ. ಆ ವ್ಯರ್ಥವನ್ನು ಬೇಗ ನಿಲ್ಲಿಸುವುದು ಅವರ ಉಪಾಯ. 2020ರ ಹೊಲದಲ್ಲಿ ಕೆಲವು ಸಾಲುಗಳು ನೂರಕ್ಕೆ 33ರವರೆಗೆ ಹೆಚ್ಚು ಕೊಟ್ಟವು. ಮರುವರ್ಷ ಬಿರುಗಾಳಿಗೆ ಗಿಡ ಮಲಗಿತು, ಹೆಚ್ಚಳ ಕಾಣಲಿಲ್ಲ. ಪ್ರಬಂಧದಲ್ಲಿ ಎರಡೂ ವರ್ಷ ಇದೆ. ಜಗತ್ತಿಗೆ ಹಬ್ಬಿದ್ದು ಒಂದೇ ವರ್ಷ. 2023ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಹಲವು ತಳಿ ವಿಜ್ಞಾನಿಗಳು ಒಟ್ಟಾಗಿ ಬರೆದು, ಹಲವು ಊರು, ಹಲವು ವರ್ಷ, ಸರಿಯಾದ ಅಳತೆಯ ತಾಕು, ಇಂದಿನ ಒಳ್ಳೆಯ ತಳಿಯೊಂದಿಗೆ ಹೋಲಿಕೆ ಇಲ್ಲದೆ ಇಳುವರಿ ಏರಿತೆಂದು ಹೇಳಬೇಡಿ ಎಂದರು. ದೊಡ್ಡ ಬೀಜ ಕಂಪನಿಯೊಂದು ಮೆಕ್ಕೆಜೋಳದಲ್ಲಿ ಎರಡು ದಶಕ ಪರೀಕ್ಷಿಸಿದ 1,671 ಜೀನ್‌ಗಳಲ್ಲಿ ಮುಂದಿನ ಹಂತಕ್ಕೆ ಅರ್ಹವಾದದ್ದು 22. ಆ ತಳಿ ವಿಜ್ಞಾನಿಗಳ ಕಡೆಗೆ ನನ್ನ ಮತ. ಅಮೆರಿಕದಲ್ಲೇ 1923ರಿಂದ 2008ರವರೆಗೆ ಬಂದ ನೂರೈವತ್ತಕ್ಕೂ ಹೆಚ್ಚು ತಳಿಗಳನ್ನು ಪಕ್ಕಪಕ್ಕ ಬಿತ್ತಿ ನೋಡಿದಾಗ ತಳಿಯಿಂದಾದ ಏರಿಕೆ ವರ್ಷಕ್ಕೆ ಹೆಕ್ಟೇರಿಗೆ ಇಪ್ಪತ್ತು–ಮೂವತ್ತು ಕಿಲೋ. ಅದು ಜಿಗಿತವಲ್ಲ, ನಡಿಗೆ. ಎಂಬತ್ತು ವರ್ಷ ಯಾರೂ ನಿಲ್ಲದೆ ನಡೆದದ್ದು.

ಹಾಗೆಂದು ಒಂಟಿ ಜೀನ್ ಎಲ್ಲೂ ಗೆಲ್ಲುವುದಿಲ್ಲ ಎಂದಲ್ಲ. ರೋಗದ ವಿಷಯದಲ್ಲಿ ಗೆಲ್ಲುತ್ತದೆ, ಅದಕ್ಕೆ ಸಾಕ್ಷಿ ನಮ್ಮ ಕೃಷ್ಣಾ ತೀರದಲ್ಲೇ ಇದೆ. 1994ರಲ್ಲಿ ಬೆಳಗಾವಿ, ಧಾರವಾಡ, ಕೊಲ್ಹಾಪುರ, ಸಾಂಗಲಿ ಸೀಮೆಯಲ್ಲಿ ತುಕ್ಕು ರೋಗ ಹಬ್ಬಿತು. ಎಲೆಯ ಅಡಿಯಲ್ಲಿ ಕಂದು ಪುಡಿ, ವಾರದೊಳಗೆ ಹೊಲ ಬೋಳು. ಬೆಳಗಾವಿ ಜಿಲ್ಲೆಯ ಉಗಾರ ಖುರ್ದ್‌ನಲ್ಲಿ ಈ ರೋಗ ವರ್ಷವೂ ತಪ್ಪದೆ ಬರುವುದರಿಂದ ದೇಶದ ತಳಿಗಳನ್ನೆಲ್ಲ ಅಲ್ಲಿ ಬಿತ್ತಿ ಪರೀಕ್ಷೆಗೆ ಒಡ್ಡುತ್ತಾರೆ. ಧಾರವಾಡದ ತಳಿಗಾರರು ಜೆಎಸ್ 335ಕ್ಕೆ ಇಸಿ 241778 ಎಂಬ ಹೊರನಾಡಿನ ನಿರೋಧಕ ತಳಿಯನ್ನು ಸೇರಿಸಿ ಡಿಎಸ್‌ಬಿ 21 ಕೊಟ್ಟರು. ಗಡಿಯಾಚೆ ಸಾಂಗಲಿಯ ಕಸಬೆ ಡಿಗ್ರಜ್ ಕೇಂದ್ರದಿಂದ ಕೆಡಿಎಸ್ 726, 'ಫುಲೆ ಸಂಗಮ್', ಬಂತು. ಇವು ಇಳುವರಿಯನ್ನು ಹುಟ್ಟಿಸಲಿಲ್ಲ, ಕಳೆದುಹೋಗುವುದನ್ನು ತಡೆದವು. ಎಕರೆಗೆ ನಾಲ್ಕು ಕ್ವಿಂಟಲ್ ಬೆಳೆಯುವವನಿಗೆ ಎರಡೂ ಒಂದೇ. ತುಕ್ಕಿನ ಬೂಷ್ಟು ಹೊಸ ರೂಪ ತಾಳುತ್ತಲೇ ಇರುವುದರಿಂದ ಈ ಕೆಲಸಕ್ಕೆ ಕೊನೆಯೂ ಇಲ್ಲ.

ಇಷ್ಟೆಲ್ಲ ಇದ್ದೂ ನಾಲ್ಕರ ಗುಣಾಕಾರದ ಕೊನೆಯ ಅಂಕಿ, ಎಕರೆಗೆ ಎಷ್ಟು ಗಿಡ ಉಳಿದವು ಎಂಬುದು, ಬಿತ್ತುವ ದಿನವೇ ಕೈಕೊಡುತ್ತದೆ. ಸೋಯಾ ಕಾಳಿನ ಸಿಪ್ಪೆ ತೆಳು, ಮೊಳಕೆಯ ಮೂತಿ ಅದಕ್ಕೆ ಅಂಟಿಕೊಂಡಂತೆ ಕೂತಿರುತ್ತದೆ. ಹಮಾಲಿ ಚೀಲವನ್ನು ಲಾರಿಯಿಂದ ಎತ್ತಿ ಒಗೆದರೆ ಹೊರಗೆ ಕಾಣದ ಪೆಟ್ಟು ಒಳಗೆ ಬಿದ್ದಿರುತ್ತದೆ. ರಾಶಿಯ ಹೊತ್ತಿಗೆ ಮಳೆ ಹಿಡಿದರೆ ಅರ್ಧ ಕಥೆ ಅಲ್ಲೇ ಮುಗಿಯಿತು. ಮಾರುವ ಬೀಜಕ್ಕೆ ನೂರಕ್ಕೆ 70 ಮೊಳಕೆ ಸಾಕೆಂದು ನಿಯಮವೇ ಸಡಿಲ ಬಿಟ್ಟಿದೆ. 2020ರ ಮುಂಗಾರಿನಲ್ಲಿ ಮಹಾರಾಷ್ಟ್ರದ ಸಾವಿರಾರು ರೈತರ ಹೊಲದಲ್ಲಿ ಸೋಯಾ ಹುಟ್ಟಲೇ ಇಲ್ಲ. ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ತಾನಾಗಿ ಅದನ್ನು ಕೈಗೆತ್ತಿಕೊಂಡಿತು. ಮುಂಬಯಿಯ ಕಡಲ ಗಾಳಿಯಲ್ಲಂತೂ ಸೋಯಾ ಬೀಜ ಬದುಕುವುದೇ ಇಲ್ಲ. ಅಣ್ಣ ಕೊಟ್ಟ ಬೊಗಸೆ ಕಾಳನ್ನು ಅಡುಗೆಮನೆಯ ಡಬ್ಬಿಯಲ್ಲಿಟ್ಟಿದ್ದೆ. ಒಂದು ಮಳೆಗಾಲ ಕಳೆದ ಮೇಲೆ ಇಪ್ಪತ್ತು ನೆನೆಸಿದರೆ ಉಬ್ಬಿದವು, ಒಂದೂ ಕಣ್ಣು ಬಿಡಲಿಲ್ಲ.

ಕಾಲಿತೂರ್ ನೆನಪಿಸಿಕೊಳ್ಳಬೇಕಾದದ್ದು ಈಗ. ಸಣ್ಣ ಕರಿಕಾಳು, ಗಟ್ಟಿ ಸಿಪ್ಪೆ. ಇಟ್ಟಲ್ಲಿ ಬಹಳ ದಿನ ಜೀವ ಹಿಡಿದಿರುತ್ತದೆ. ಸಿಪ್ಪೆಯ ಗಟ್ಟಿತನ, ಬಣ್ಣ, ಗಾತ್ರ ಇವೆಲ್ಲ ವಂಶಪಾರಂಪರ್ಯವಾಗಿ ಬರುವ ಗುಣಗಳೇ. ಆದರೆ ದಪ್ಪ ಹಳದಿ ಕಾಳಿನ ಹಿಂದೆ ಹೋದ ಮಾರುಕಟ್ಟೆಗೆ ಆ ಗುಣ ಬೇಡವಾಯಿತು. ಬೀಜ ತಾನೇ ಇಟ್ಟುಕೊಂಡು ಬಿತ್ತುವ ರೈತರ ನಾಡಿನಲ್ಲಿ ತಳಿ ಆರಿಸುವಾಗ ಬೀಜದ ಆಯಸ್ಸಿಗೂ ಅಂಕ ಕೊಡಬೇಕಿತ್ತು. ಅದನ್ನು ಹಿಂದಕ್ಕೆ ಸರಿಸಿದ್ದು ನಮ್ಮ ಸೋಯಾ ಸಂಶೋಧನೆಯ ದೊಡ್ಡ ಲೋಪ ಎಂದು ನಾನು ತಿಳಿಯುತ್ತೇನೆ.

ಬೇಡಿಕೆ ತೀರ್ಮಾನವಾಗುವುದು ಮಾತ್ರ ಹೊಲದಿಂದ ದೂರ, ಬಹಳಷ್ಟು ನಾನಿರುವ ಊರಿನಲ್ಲೇ. ಎಣ್ಣೆ ಗಿರಣಿಗಳ ಸಂಘದ ಕಚೇರಿ ಮುಂಬಯಿಯಲ್ಲಿದೆ, ವಾಯಿದೆ ವ್ಯಾಪಾರದ ಎನ್‌ಸಿಡಿಇಎಕ್ಸ್ ಇಲ್ಲಿದೆ, 2021ರ ಡಿಸೆಂಬರಿನಲ್ಲಿ ಸೋಯಾ ವಾಯಿದೆಗೆ ತಡೆ ಹಾಕಿದ ಸೆಬಿಯೂ ಇಲ್ಲೇ. ಅದೇ ವರ್ಷ ಆಗಸ್ಟಿನಲ್ಲಿ ಸೋಯಾ ಕ್ವಿಂಟಲಿಗೆ ಹತ್ತು ಸಾವಿರ ಮುಟ್ಟಿದಾಗ ಕೋಳಿ ಸಾಕಣೆಯವರ ಒತ್ತಾಯಕ್ಕೆ 12 ಲಕ್ಷ ಟನ್ ಕುಲಾಂತರಿ ಸೋಯಾ ಹಿಂಡಿಗೆ ಸರ್ಕಾರ ಬಾಗಿಲು ತೆರೆಯಿತು. ಆ ಹಿಂಡಿಗೆ ಗೊತ್ತುಮಾಡಿದ ಬಂದರು ಕೊಲ್ಲಿಯ ಆಚೆ ದಡದ ನ್ಹಾವಾ ಶೇವಾ. ಕುಲಾಂತರಿ ಸೋಯಾ ಬಿತ್ತಲು ಇಲ್ಲಿ ಅನುಮತಿಯಿಲ್ಲ, ಅದರ ಎಣ್ಣೆಗೆ ಇದೆ, ಹಿಂಡಿಗೂ ಆಗ ಸಿಕ್ಕಿತು. ಬಿತ್ತುವವನಿಗೆ ಒಂದು ನ್ಯಾಯ, ಕೊಳ್ಳುವವನಿಗೆ ಇನ್ನೊಂದು ಎಂದು ಅಣ್ಣ ಕೇಳಿದರೆ ನನ್ನಲ್ಲಿ ಉತ್ತರವಿಲ್ಲ.

ಗುಣದ ತಳಿಗಳ ಕಥೆಯೂ ಬೆಲೆಯ ಹತ್ತಿರವೇ ನಿಲ್ಲುತ್ತದೆ. ಇಂದೋರಿನ ಸೋಯಾ ಸಂಶೋಧನಾ ಸಂಸ್ಥೆ ಎನ್‌ಆರ್‌ಸಿ 127 ಎಂಬ ತಳಿ ತಂದಿದೆ. ಟ್ರಿಪ್ಸಿನ್ ಕಿಣ್ವವನ್ನು ತಡೆದು ಜೀರ್ಣಕ್ಕೆ ಅಡ್ಡಿಮಾಡುವ ಮುಖ್ಯ ಪ್ರೋಟೀನ್ ಅದರಲ್ಲಿಲ್ಲ. ಎನ್‌ಆರ್‌ಸಿ 132ರಲ್ಲಿ ಹಸಿವಾಸನೆ ತರುವ ಒಂದು ಕಿಣ್ವವಿಲ್ಲ. ಮನೆಯಲ್ಲೇ ಹಾಲು, ಹಿಟ್ಟು ಮಾಡಿಕೊಳ್ಳಲು ಹೇಳಿ ಮಾಡಿಸಿದ ಕಾಳು. ಆದರೆ ಭಾಲ್ಕಿಯ ಗಂಜಿನಲ್ಲಿ ಅಡತಿಯವನು ಕೈಯಲ್ಲಿ ಒಂದು ಹಿಡಿ ತಗೊಂಡು ನೋಡುವುದು ತೇವ, ಕಸ, ಒಡೆದ ಕಾಳು. ಒಳಗಿನ ಪ್ರೋಟೀನಿಗೆ ಅವನ ತಕ್ಕಡಿಯಲ್ಲಿ ಬಟ್ಟಿಲ್ಲ. 2024ರ ಸುಗ್ಗಿಯಲ್ಲಿ ಬೆಂಬಲ ಬೆಲೆ 4,892 ರೂಪಾಯಿ ಇದ್ದಾಗ ಗಂಜುಗಳಲ್ಲಿ ನಡೆದದ್ದು ನಾಲ್ಕು ಸಾವಿರ ಚಿಲ್ಲರೆಗೆ. ಅಂಥ ವರ್ಷದ ಮರುವರ್ಷ ರೈತ ಹೊಸ ಬೀಜಕ್ಕೆ ದುಡ್ಡು ಹಾಕುವುದಿಲ್ಲ, ಮನೆಯ ಚೀಲದ್ದನ್ನೇ ಬಿತ್ತುತ್ತಾನೆ. ಹಳೆಯ ತಳಿ ಹಾಗೆಯೇ ಮುಂದುವರಿಯುತ್ತದೆ, ಟನ್ನಿನ ಗೆರೆಯೂ.

ಹೋದ ಜೂನಿನಲ್ಲಿ ಅಣ್ಣ ಫೋನು ಮಾಡಿದಾಗ ನಾನು ತಳಿಯ ಹೆಸರು ಹೇಳಲಿಲ್ಲ. ಎರಡು ತಳಿ ತಗೋ, ಒಂದು ಬೇಗ ಮಾಗುವುದು, ಒಂದು ರೋಗ ತಡೆಯುವುದು. ಅರ್ಧರ್ಧ ಎಕರೆ ಪಕ್ಕಪಕ್ಕ ಹಾಕಿ ಬೇರೆ ಬೇರೆ ತೂಗು ಎಂದೆ. ಬಿತ್ತುವ ಮೊದಲು ಹಸಿ ಗೋಣಿಯಲ್ಲಿ ನೂರು ಕಾಳು ಸಾಲಾಗಿ ಇಟ್ಟು ಸುತ್ತಿಡು ಎಂದೆ. ಐದನೇ ದಿನ ಅತ್ತಿಗೆ ಗೋಣಿ ಬಿಚ್ಚಿ ಎಣಿಸಿದರು. ಅಂಗಡಿಯಿಂದ ತಂದ ಚೀಲದ್ದು 61, ಮನೆಯಲ್ಲಿ ನೆಲಕ್ಕೆ ಎತ್ತಿಹಾಕದೆ ಹಲಗೆಯ ಮೇಲಿಟ್ಟಿದ್ದ ಚೀಲದ್ದು 83. ಎಣಿಸಿದ ಮೇಲೆ ಅಣ್ಣ ಬೀಜದ ಪ್ರಮಾಣ ಎಕರೆಗೆ ಆರು ಸೇರು ಹೆಚ್ಚಿಸಿ, ಅಂಗಡಿಯ ಬೀಜವನ್ನು ಕೆಳಗಿನ ಹೊಲಕ್ಕೆ, ಮನೆಯದನ್ನು ಮೇಲಿನ ಹೊಲಕ್ಕೆ ಬಿತ್ತಿದ.